ಪರಂಗಿ ಹಣ್ಣಿಗೆ ಹೆದರುವವರು ತಲೆನೋವಿಗೆ ಯಾಕೆ ಹೆದರುವುದಿಲ್ಲ?

(ತಿಪಟೂರು ಕಡೆಯ ಒಂದು ಹಳ್ಳಿಯ ಅಂಗನವಾಡಿಯಲ್ಲಿ ಡಾಕ್ಟರಾಗಿ ನಾನು ಗರ್ಭಿಣಿಯರ ಜೊತೆ ಆಡಿದ ಮಾತು ಇದು. ಆಶಾ ಕಾರ್ಯಕರ್ತೆಯೊಬ್ಬರು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು, ಅದನ್ನು ಕೇಳಿಸಿಕೊಂಡು ಬರೆದಿದ್ದೇನೆ. ಮಧ್ಯೆ ಮಕ್ಕಳು ಅತ್ತಿದ್ದು, ಕರೆಂಟ್ ಹೋಗಿದ್ದು, ನಾನು ಹೇಳಿದ್ದನ್ನೇ ಮೂರು ಸಲ ಹೇಳಿದ್ದು, ಎಲ್ಲ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಆ ಕುರ್ಚಿಗಳನ್ನು ಬಸುರಿಯರಿಗೆ ಬಿಟ್ಟುಕೊಡಿ. ಗಂಡಸರು ಅರ್ಧ ಗಂಟೆ ನಿಂತರೆ ಏನೂ ಆಗುವುದಿಲ್ಲ. ಅಜ್ಜಿಯರೇ, ನೀವು ಇಲ್ಲಿ ಮುಂದೆ ಬನ್ನಿ. ನಾನು ಹೇಳುವುದರಲ್ಲಿ ಅರ್ಧ ನಿಮಗೇ. ಯಾಕೆಂದರೆ ಮನೆಗೆ ಹೋದ ಮೇಲೆ ಈ ಹುಡುಗಿಯರು ನನ್ನ ಮಾತು ಕೇಳುವುದಿಲ್ಲ, ನಿಮ್ಮ ಮಾತು ಕೇಳುತ್ತಾರೆ.

ಹೋದ ವಾರ ಆಶಾ ಅಕ್ಕನ ಕೈಗೆ ಒಂದು ಖಾಲಿ ಹಾರ್ಲಿಕ್ಸ್ ಡಬ್ಬಿ ಕೊಟ್ಟಿದ್ದೆ. ಕೇಳಬೇಕು ಅನ್ನಿಸಿದ್ದನ್ನು ಚೀಟಿಯಲ್ಲಿ ಬರೆದು ಹಾಕಿ, ಹೆಸರು ಬೇಡ ಅಂದಿದ್ದೆ. ಬರೆಯಲು ಬಾರದವರು ಮನೆಯ ಮಕ್ಕಳ ಕೈಲಿ ಬರೆಸಿದ್ದಾರೆ, ಕೆಲವು ಚೀಟಿ ನೋಟ್‌ಬುಕ್ಕಿನ ಹಾಳೆ, ಒಂದು ಬಸ್ ಟಿಕೆಟ್ಟಿನ ಹಿಂಭಾಗ. ನಿನ್ನೆ ರಾತ್ರಿ ಎಲ್ಲ ಓದಿದೆ. ಅರ್ಧಕ್ಕರ್ಧ ತಿನ್ನುವುದರ ಬಗ್ಗೆ. ಪರಂಗಿ ತಿನ್ನಬಹುದಾ, ಅನಾನಸ್ ತಿನ್ನಬಹುದಾ, ಎಳ್ಳು, ಬದನೆಕಾಯಿ, ಕೇಸರಿ, ತಣ್ಣೀರು, ಮೊಟ್ಟೆ. ಗ್ರಹಣದ ಬಗ್ಗೆ ಒಂದಷ್ಟು. ಆದರೆ ಬಿಪಿ ಬಗ್ಗೆ ಒಂದು ಚೀಟಿಯೂ ಇಲ್ಲ. ತಲೆನೋವಿನ ಬಗ್ಗೆ ಇಲ್ಲ. ರಕ್ತಸ್ರಾವದ ಬಗ್ಗೆ ಇಲ್ಲ. ನನಗೆ ಇದೇ ಚಿಂತೆ. ಹೆದರಬೇಕಾದ್ದಕ್ಕೆ ಯಾರೂ ಹೆದರುತ್ತಿಲ್ಲ, ಪಾಪದ ಪರಂಗಿ ಹಣ್ಣಿಗೆ ಊರಿಗೆ ಊರೇ ಹೆದರುತ್ತಿದೆ.

ಸರಿ, ಪರಂಗಿಯಿಂದಲೇ ಶುರು ಮಾಡೋಣ, ಇಲ್ಲದಿದ್ದರೆ ನೀವು ಬೇರೇನೂ ಕೇಳಿಸಿಕೊಳ್ಳುವುದಿಲ್ಲ. ಪರಂಗಿ ಕಾಯಿಯನ್ನು ಗೀರಿದರೆ ಬಿಳಿ ಹಾಲು ಬರುತ್ತದಲ್ಲ, ತೊಂದರೆ ಇರುವುದು ಅದರಲ್ಲಿ. ಪ್ರಾಣಿಗಳ ಮೇಲೆ ನೋಡಿದಾಗ ಆ ಹಾಲಿನಿಂದ ಗರ್ಭಕೋಶ ಬಿಗಿಯುವುದು ಕಂಡಿದೆ. ಹಣ್ಣಾಗುತ್ತಾ ಹೋದ ಹಾಗೆ ಹಾಲು ಕಡಿಮೆಯಾಗುತ್ತದೆ, ಚೆನ್ನಾಗಿ ಹಣ್ಣಾದ ಪರಂಗಿಯಲ್ಲಿ ಅದು ಇರುವುದಿಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಕಾಯಿ ಬೇಡ, ದೋರೆಗಾಯಿ ಬೇಡ, ಪಲ್ಯವೂ ಬೇಡ. ಹಣ್ಣು ಎರಡು ಹೋಳು ತಿಂದರೆ ಏನೂ ಆಗುವುದಿಲ್ಲ. ಅನಾನಸ್ಸೂ ಅಷ್ಟೇ, ಊಟದ ನಂತರ ಒಂದು ಹೋಳು ತಿಂದರೆ ಯಾರಿಗೂ ಗರ್ಭ ಹೋಗುವುದಿಲ್ಲ. ತಿನ್ನಲು ಮನಸ್ಸಿಗೆ ಅಳುಕಾದರೆ ಬಿಟ್ಟುಬಿಡಿ. ಪರಂಗಿ ತಿನ್ನಲೇಬೇಕು ಅಂತ ನಾನೇನೂ ಚೀಟಿ ಬರೆದುಕೊಡುತ್ತಿಲ್ಲ.

ಆದರೆ ಇದರಲ್ಲಿ ಇನ್ನೊಂದು ವಿಷಯ ಇದೆ, ಅದಕ್ಕೇ ಇಷ್ಟು ಹೊತ್ತು ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ಎರಡನೇ ಬಸುರಿನಲ್ಲಿ ನನ್ನ ಹತ್ತಿರ ಬಂದಿದ್ದಳು. ಮೊದಲನೆಯದು ಎರಡೂವರೆ ತಿಂಗಳಿಗೆ ಹೋಗಿತ್ತು. ಯಾರದೋ ಮದುವೆಯಲ್ಲಿ ಊಟದ ಜೊತೆ ಕೊಟ್ಟ ಹಣ್ಣಿನಲ್ಲಿ ಪರಂಗಿ ಇತ್ತಂತೆ, ಇವಳು ತಿಂದಳಂತೆ, ಅದಕ್ಕೇ ಹೋಯಿತು ಅಂತ ಮನೆಯಲ್ಲಿ ನಾಲ್ಕು ವರ್ಷ ಹೇಳಿಸಿಕೊಂಡಿದ್ದಾಳೆ. ಅವಳೂ ನಂಬಿಬಿಟ್ಟಿದ್ದಳು. ಮೊದಲ ಮೂರು ತಿಂಗಳಲ್ಲಿ ಗರ್ಭ ಹೋಗುವುದರಲ್ಲಿ ಸುಮಾರು ಅರ್ಧದಷ್ಟು ಪಿಂಡ ಕಟ್ಟುವಾಗಲೇ ಅದರ ವರ್ಣತಂತುಗಳಲ್ಲಿ ಹೆಚ್ಚುಕಮ್ಮಿ ಆಗಿರುವುದರಿಂದ. ಅದು ಯಾರ ತಪ್ಪೂ ಅಲ್ಲ. ತಾಯಿ ಮೆಟ್ಟಿಲು ಹತ್ತಿದ್ದರಿಂದಲ್ಲ, ಬಿಂದಿಗೆ ಎತ್ತಿದ್ದರಿಂದಲ್ಲ, ಹಣ್ಣು ತಿಂದಿದ್ದರಿಂದಲ್ಲ. ಅಜ್ಜಿಯರೇ, ಇದನ್ನು ದಯವಿಟ್ಟು ಕೇಳಿಸಿಕೊಳ್ಳಿ. ಗರ್ಭ ಹೋದ ಹೆಣ್ಣುಮಗಳನ್ನು "ಏನ್ ತಿಂದೆ?" ಅಂತ ಕೇಳಬೇಡಿ. "ಊಟ ಮಾಡಿದ್ಯಾ?" ಅಂತ ಕೇಳಿ.

ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುತ್ತಾ ಅಂತ ಮೂರು ಚೀಟಿ. ಆಗುವುದಿಲ್ಲ. ಮಗುವಿನ ಬಣ್ಣ ನಿಮ್ಮಿಬ್ಬರ ಮನೆತನದಿಂದ ಬರುತ್ತದೆ, ಅಂಗಡಿಯಿಂದ ಬರುವುದಿಲ್ಲ. ಆ ದುಡ್ಡಿಗೆ ಮೊಟ್ಟೆ ತನ್ನಿ. ಗ್ರಹಣಕ್ಕೂ ಸೀಳುತುಟಿಗೂ ಸಂಬಂಧವಿಲ್ಲ. ಗ್ರಹಣದ ದಿನ ಇಡೀ ಹೊತ್ತು ನೀರು ಕೂಡ ಕುಡಿಯದೆ ಬಾಗಿಲು ಹಾಕಿಕೊಂಡು ಕೂತು, ಸಂಜೆಗೆ ತಲೆ ಸುತ್ತಿ ಬಿದ್ದು ಆಸ್ಪತ್ರೆಗೆ ಬಂದವರನ್ನು ನೋಡಿದ್ದೇನೆ. ಒಳಗೆ ಇರಬೇಕು ಅಂದರೆ ಇರಿ, ನಿಮ್ಮ ನಂಬಿಕೆ. ನೀರು, ಊಟ ಬಿಡಬೇಡಿ.

ಈಗ ನನಗೆ ಬೇಕಾದ ಚೀಟಿಗೆ ಬರುತ್ತೇನೆ. ಒಬ್ಬರೇ ಒಬ್ಬರು ಬರೆದಿದ್ದಾರೆ. "ರಕ್ತ 8 ಇದೆ ಅಂದರು, ದಿನಾ ಬೀಟ್‌ರೂಟ್ ತಿಂತಾ ಇದೀನಿ, ಸಾಕಾ?"

ಸಾಕಾಗುವುದಿಲ್ಲ ಅಮ್ಮಾ. ಆ 8 ಅಂದರೆ ರಕ್ತದ ಹಿಮೋಗ್ಲೋಬಿನ್. ಬೀಟ್‌ರೂಟ್ ಕೆಂಪಗಿರುವುದು ಅದರ ಬಣ್ಣದಿಂದ, ಕಬ್ಬಿಣದಿಂದಲ್ಲ. 100 ಗ್ರಾಂ ಬೀಟ್‌ರೂಟಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ದಾಳಿಂಬೆಯಲ್ಲಿ ಅದಕ್ಕಿಂತ ಕಡಿಮೆ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುವ ಆ ಕೆಂಪು ಮಾತ್ರೆ ಇದೆಯಲ್ಲ, ಒಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ. ಅಷ್ಟು ಬೇಕು ಅಂದರೆ ದಿನಕ್ಕೆ ಏಳೆಂಟು ಕೆಜಿ ಬೀಟ್‌ರೂಟ್ ತಿನ್ನಬೇಕು. ಎಮ್ಮೆಗೂ ಆಗುವುದಿಲ್ಲ. ಊಟದಲ್ಲಿ ನುಗ್ಗೆ ಸೊಪ್ಪು, ಹುರುಳಿ, ಅಲಸಂದೆ, ಮಾಂಸ ತಿನ್ನುವವರಾದರೆ ಕುರಿ ಮಾಂಸ, ಇವೆಲ್ಲ ಒಳ್ಳೆಯದು, ತಿನ್ನಲೇಬೇಕು. ಆದರೆ 8ಕ್ಕೆ ಇಳಿದ ಮೇಲೆ ಬರೀ ಊಟದಿಂದ ಮೇಲೆ ಬರಲು ಕಾಲ ಸಾಲುವುದಿಲ್ಲ.

ರಕ್ತ ಕಡಿಮೆ ಅಂದರೆ ಏನು ಅಂತ ಸ್ವಲ್ಪ ಹೇಳುತ್ತೇನೆ. ಬಸುರಿಯ ಮೈಯಲ್ಲಿ ರಕ್ತದ ಒಟ್ಟು ಪ್ರಮಾಣ ಹೆಚ್ಚುತ್ತದೆ, ಹತ್ತಿರ ಹತ್ತಿರ ಒಂದೂವರೆ ಪಟ್ಟಾಗುತ್ತದೆ. ಆದರೆ ನೀರಿನ ಅಂಶ ಬೇಗ ಹೆಚ್ಚುತ್ತದೆ, ಕೆಂಪು ಕಣ ಅಷ್ಟು ಬೇಗ ಹೆಚ್ಚುವುದಿಲ್ಲ. ನಾಲ್ಕು ಜನಕ್ಕೆ ಮಾಡಿದ ಸಾರಿಗೆ ನೆಂಟರು ಬಂದರು ಅಂತ ನೀರು ಬೆರೆಸಿದ ಹಾಗೆ. ಅದಕ್ಕೇ ಮೊದಲೇ ಗಟ್ಟಿ ಇರಬೇಕು. ಹಿಮೋಗ್ಲೋಬಿನ್ 11 ಇರಬೇಕು. 10ರ ಕೆಳಗೆ ಬಂದರೆ ಗಂಭೀರವಾಗಿ ತೆಗೆದುಕೊಳ್ಳಬೇಕು, 7ರ ಕೆಳಗೆ ಬಂದರೆ ಆಸ್ಪತ್ರೆಯಲ್ಲಿ ಇಟ್ಟುಕೊಂಡೇ ನೋಡಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ, ಶೇಕಡಾ 52, ಈ 11ರ ಕೆಳಗೇ ಇದ್ದಾರೆ. ನಿಮ್ಮ ಎಡಕ್ಕೆ ಕೂತವರು, ಬಲಕ್ಕೆ ಕೂತವರು, ಇಬ್ಬರಲ್ಲಿ ಒಬ್ಬರು.

"ಸುಸ್ತು ಅಷ್ಟೇ ಅಲ್ವಾ ಡಾಕ್ಟ್ರೇ, ಬಸುರಿಗೆ ಸುಸ್ತು ಇರೋದೇ" ಅನ್ನುತ್ತೀರಿ. ಸುಸ್ತಿಗೆ ನಾನು ಹೆದರುವುದಿಲ್ಲ. ನಾನು ಹೆದರುವುದು ಹೆರಿಗೆ ದಿನಕ್ಕೆ. ಸಲೀಸಾದ ಹೆರಿಗೆಯಲ್ಲೂ ರಕ್ತ ಹೋಗುತ್ತದೆ. ಅರ್ಧ ಲೀಟರ್ ದಾಟಿದರೆ ನಾವು ಓಡಾಡಲು ಶುರು ಮಾಡುತ್ತೇವೆ. 12 ಇರುವವಳು ಅದನ್ನು ತಡೆದುಕೊಳ್ಳುತ್ತಾಳೆ, 7 ಇರುವವಳು ತಡೆದುಕೊಳ್ಳುವುದಿಲ್ಲ. ಅಷ್ಟೇ ವ್ಯತ್ಯಾಸ. ಹೆರಿಗೆಯಲ್ಲಿ ತಾಯಂದಿರು ಸಾಯುವುದಕ್ಕೆ ದೊಡ್ಡ ಕಾರಣವೇ ಈ ರಕ್ತಸ್ರಾವ. ಕರ್ನಾಟಕದಲ್ಲಿ 2018-20ರ ಲೆಕ್ಕದಲ್ಲಿ ಒಂದು ಲಕ್ಷ ಹೆರಿಗೆಗೆ 69 ತಾಯಂದಿರು ತೀರಿಕೊಂಡಿದ್ದಾರೆ. ಪಕ್ಕದ ಕೇರಳದಲ್ಲಿ 19. ನಾವೂ ಅವರೂ ತಿನ್ನುವುದು ಅದೇ ಅನ್ನ, ಅದೇ ತೆಂಗಿನಕಾಯಿ.

ಮಾತ್ರೆ ಕೊಟ್ಟರೆ ನುಂಗುವುದಿಲ್ಲ, ಅದು ನನ್ನ ದೂರು. ಒಂದು ಸಲ ಮನೆ ಭೇಟಿಗೆ ಹೋದಾಗ ಹಿತ್ತಲಲ್ಲಿ ಕರಿಬೇವಿನ ಗಿಡದ ಬುಡದಲ್ಲಿ ಕೆಂಪು ಮಾತ್ರೆಗಳ ರಾಶಿ ನೋಡಿದೆ. ಗಿಡ ಚೆನ್ನಾಗಿಯೇ ಇತ್ತು! ಯಾಕಮ್ಮಾ ಅಂದರೆ ಒಬ್ಬೊಬ್ಬರದು ಒಂದೊಂದು ಕಾರಣ. ಮಗು ಕಪ್ಪಾಗುತ್ತದಂತೆ. ಆಗುವುದಿಲ್ಲ. ಮಗು ತುಂಬಾ ದಪ್ಪ ಆಗಿ ಆಪರೇಷನ್ ಆಗುತ್ತದಂತೆ. ಅದೂ ಸುಳ್ಳು. ವಾಕರಿಕೆ ಬರುತ್ತದೆ, ಹೊಟ್ಟೆ ಕಟ್ಟುತ್ತದೆ, ಮಲ ಕಪ್ಪಗೆ ಹೋಗುತ್ತದೆ. ಇದು ಮಾತ್ರ ನಿಜ. ಕಪ್ಪಗೆ ಹೋದರೆ ಗಾಬರಿ ಬೇಡ, ಮಾತ್ರೆಯ ಕಬ್ಬಿಣದಿಂದ ಅದು. ವಾಕರಿಕೆ ಬಂದರೆ ರಾತ್ರಿ ಊಟ ಆದ ಮೇಲೆ, ಮಲಗುವ ಮುಂಚೆ ನುಂಗಿ. ನಿಂಬೆಹಣ್ಣಿನ ನೀರಿನ ಜೊತೆ ನುಂಗಿದರೆ ಮೈಗೆ ಚೆನ್ನಾಗಿ ಹಿಡಿಯುತ್ತದೆ, ನೆಲ್ಲಿಕಾಯಿಯೂ ಆಗುತ್ತದೆ. ಕಾಫಿ, ಟೀ, ಹಾಲಿನ ಜೊತೆ ಬೇಡ, ಅವು ಕಬ್ಬಿಣವನ್ನು ಹಿಡಿಯಲು ಬಿಡುವುದಿಲ್ಲ. ಮಾತ್ರೆಗೂ ಕಾಫಿಗೂ ಮಧ್ಯೆ ಒಂದೆರಡು ಗಂಟೆ ಬಿಡಿ. ಕ್ಯಾಲ್ಸಿಯಂ ಮಾತ್ರೆಯೂ ಹಾಗೇ, ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡರೆ ಒಂದಕ್ಕೊಂದು ಜಗಳ. ಬೆಳಿಗ್ಗೆ, ಮಧ್ಯಾಹ್ನ ತಿಂಡಿ ಊಟದ ಜೊತೆ ಕ್ಯಾಲ್ಸಿಯಂ, ರಾತ್ರಿ ಕಬ್ಬಿಣ, ಹೀಗೆ ಇಟ್ಟುಕೊಂಡರೆ ನೆನಪಿಗೂ ಸುಲಭ. ನಾಲ್ಕನೇ ತಿಂಗಳಿಂದ ಶುರು ಮಾಡಿ 180 ದಿನ, ಹೆರಿಗೆ ಆದ ಮೇಲೆ ಇನ್ನೂ 180 ದಿನ. ಮಾತ್ರೆಯಿಂದ ಏರದಿದ್ದರೆ, ಇಲ್ಲ ತಿಂಗಳು ತುಂಬುತ್ತಾ ಬಂದಿದ್ದರೆ, ಡ್ರಿಪ್‌ನಲ್ಲಿ ಕಬ್ಬಿಣ ಕೊಡುತ್ತೇವೆ. ಅದು ರಕ್ತ ಹಾಕುವುದಲ್ಲ, ಬೇರೆ. ಆಸ್ಪತ್ರೆಯಲ್ಲೇ ಹಾಕಿಸಿಕೊಳ್ಳಬೇಕು.

ಇದೇ ಜಾಗದಲ್ಲಿ ಇನ್ನೊಂದು ಚೀಟಿ. ಹೆಸರು ಬೇಡ ಅಂದಿದ್ದೆನಲ್ಲ, ಈ ಚೀಟಿಯಲ್ಲಿ ಅಕ್ಷರವೂ ನಾಚಿಕೊಂಡಿದೆ. "ಬಳಪ ತಿನ್ನಬೇಕು ಅನ್ನಿಸುತ್ತೆ. ದಿನಾ ಒಂದು ಡಬ್ಬಿ ಖಾಲಿ ಆಗುತ್ತೆ. ಮಗುಗೆ ಏನಾದ್ರೂ ಆಗುತ್ತಾ?" ನೀವು ನಗುತ್ತಿದ್ದೀರಿ, ಆದರೆ ನಗುವವರಲ್ಲೇ ಎಷ್ಟೋ ಜನ ಕದ್ದು ಬಳಪ ತಿಂದವರು ಇರುತ್ತೀರಿ. ಮಳೆ ಬಿದ್ದ ಮಣ್ಣಿನ ವಾಸನೆಗೆ ಬಾಯಲ್ಲಿ ನೀರು ಬರುವುದು, ಹಸಿ ಅಕ್ಕಿ ಜಗಿಯುವುದು, ಒಲೆಯ ಬೂದಿ ನೆಕ್ಕುವುದು, ಎಲ್ಲ ನೋಡಿದ್ದೇನೆ. ಇದು ಬರೀ ಬಸುರಿ ಬಯಕೆ ಅಂತ ಬಿಡಬೇಡಿ. ಇಂಥ ಬಯಕೆಗೂ ಕಬ್ಬಿಣದ ಕೊರತೆಗೂ ನಂಟಿದೆ. ರಕ್ತ ಸರಿಹೋಗುತ್ತಾ ಬಂದ ಹಾಗೆ ಎಷ್ಟೋ ಜನರಿಗೆ ಬಳಪದ ಮೇಲಿನ ಆಸೆ ತಾನಾಗಿ ಹೋಗುತ್ತದೆ. ಮಣ್ಣಿನಿಂದ ಹೊಟ್ಟೆಗೆ ಹುಳ ಬರುತ್ತದೆ, ಹುಳ ಇನ್ನಷ್ಟು ರಕ್ತ ಹೀರುತ್ತದೆ. ಅದಕ್ಕೇ ನಾಲ್ಕನೇ ತಿಂಗಳಾದ ಮೇಲೆ ಒಂದು ಜಂತುಹುಳುವಿನ ಮಾತ್ರೆ ಕೊಡುವುದು. ಆ ಚೀಟಿ ಬರೆದವಳು ಯಾರೋ ಗೊತ್ತಿಲ್ಲ, ಇವತ್ತು ರಕ್ತ ಕೊಟ್ಟು ಹೋಗು ತಾಯಿ. ಬಯ್ಯುವುದಿಲ್ಲ.

ಎಲೆ ಅಡಿಕೆ ಕೇಳಿದ್ದಾರೆ ಒಬ್ಬರು, "ವಾಕರಿಕೆಗೆ ಒಳ್ಳೇದಂತೆ" ಅಂತ. ಬೇಡ. ಇದು ಅಡಿಕೆ ಬೆಳೆಯುವ ಸೀಮೆ, ಇಲ್ಲಿ ನಿಂತು ಹೇಳಲು ನನಗೂ ಸ್ವಲ್ಪ ಭಯ. ಆದರೂ ಅಡಿಕೆ ಜಗಿಯುವ ತಾಯಂದಿರ ಮಕ್ಕಳ ತೂಕ ಕಡಿಮೆ ಇರುವುದು ಕಂಡುಬಂದಿದೆ. ಹೊಗೆಸೊಪ್ಪು, ಕಡ್ಡಿಪುಡಿ ಸೇರಿದರೆ ಇನ್ನೂ ಕೆಟ್ಟದು. ವಾಕರಿಕೆಗೆ ಬೆಳಿಗ್ಗೆ ಎದ್ದ ತಕ್ಷಣ, ಹಾಸಿಗೆಯಿಂದ ಇಳಿಯುವ ಮೊದಲೇ, ಒಂದು ಹಿಡಿ ಮಂಡಕ್ಕಿ ಇಲ್ಲ ಎರಡು ರಸ್ಕ್ ತಿನ್ನಿ. ಸ್ವಲ್ಪ ಸ್ವಲ್ಪ ಸಲ ಸಲ ತಿನ್ನಿ, ಶುಂಠಿ ಹಾಕಿಕೊಳ್ಳಿ. ಕುಡಿದ ನೀರೂ ನಿಲ್ಲದೆ, ಮೂತ್ರ ಕಡಿಮೆಯಾಗಿ ಗಾಢ ಹಳದಿ ಬಂದರೆ ಆಸ್ಪತ್ರೆಗೆ ಬನ್ನಿ.

ಈಗ ಯಾರೂ ಕೇಳದ ಪ್ರಶ್ನೆ. ಬಿಪಿ.

ಬಿಪಿ ಅಂದರೆ ವಯಸ್ಸಾದವರ ಕಾಯಿಲೆ, ಸಿಟ್ಟು ಮಾಡುವವರ ಕಾಯಿಲೆ ಅಂತ ನಮ್ಮ ಕಡೆ ಲೆಕ್ಕ. ಇಪ್ಪತ್ತು ವರ್ಷದ, ಮೊದಲ ಬಸುರಿನ, ತೆಳ್ಳಗಿರುವ ಹುಡುಗಿಗೂ ಐದು ತಿಂಗಳು ದಾಟಿದ ಮೇಲೆ ಬಿಪಿ ಏರಬಹುದು. ಇದು ಬಸುರಿಗೇ ಅಂಟಿಕೊಂಡ ಬೇರೆ ಥರದ ಬಿಪಿ. ಮೊದಲ ಬಸುರಿನವರಲ್ಲಿ, ಅವಳಿ ಇರುವವರಲ್ಲಿ, ಹಿಂದಿನ ಸಲ ಬಿಪಿ ಬಂದವರಲ್ಲಿ ಜಾಸ್ತಿ. ಮೋಸ ಎಲ್ಲಿ ಅಂದರೆ ಶುರುವಿನಲ್ಲಿ ಏನೂ ಗೊತ್ತಾಗುವುದಿಲ್ಲ. ನೋವಿಲ್ಲ, ಜ್ವರವಿಲ್ಲ, ಚೆನ್ನಾಗಿಯೇ ಇರುತ್ತೀರಿ. ತೋಳಿಗೆ ಪಟ್ಟಿ ಕಟ್ಟಿ ನೋಡಿದರೆ ಮಾತ್ರ ಗೊತ್ತು. "ನಾನು ಆರಾಮಾಗಿದೀನಿ, ಈ ತಿಂಗಳು ಚೆಕಪ್ ಬೇಡ" ಅನ್ನುತ್ತೀರಲ್ಲ, ಅದಕ್ಕೇ ನನಗೆ ಸಿಟ್ಟು ಬರುವುದು. ಆರಾಮಾಗಿರುವಾಗಲೇ ಬರಬೇಕು.

140/90 ಅಂತ ಎರಡು ಅಂಕಿ ನೆನಪಿಟ್ಟುಕೊಳ್ಳಿ. ಎರಡರಲ್ಲಿ ಯಾವುದನ್ನು ಮುಟ್ಟಿದರೂ ಅದು ಡಾಕ್ಟರಿಗೆ ಬಿಟ್ಟ ವಿಷಯ, ಮನೆಯಲ್ಲಿ ಉಪ್ಪು ಕಡಿಮೆ ಮಾಡಿ ನೋಡುವ ವಿಷಯ ಅಲ್ಲ. ಅದು ಏರುತ್ತಾ ಹೋದಾಗ ಕೆಲವು ಗುರುತು ಬರುತ್ತವೆ. ಮಲಗಿದರೂ, ಮಾತ್ರೆ ನುಂಗಿದರೂ ಹೋಗದ ತಲೆನೋವು. ಕಣ್ಣು ಮಂಜಾಗುವುದು, ಮಿಂಚು ಹೊಡೆದ ಹಾಗೆ ಆಗುವುದು. ಎದೆಗೂಡಿನ ಕೆಳಗೆ, ಬಲಗಡೆ ಜಾಸ್ತಿ, ಹಿಡಿದ ಹಾಗೆ ನೋವು. ಇದನ್ನು ಗ್ಯಾಸ್ಟ್ರಿಕ್ ಅಂತ ತಿಳಿದು ಸೋಡಾ ಕುಡಿದವರನ್ನು ನೋಡಿದ್ದೇನೆ. ಸಂಜೆ ಹೊತ್ತು ಪಾದ ಊದುವುದು ಬಹಳ ಜನರಿಗೆ ಇರುತ್ತದೆ, ಕಾಲು ಮೇಲಿಟ್ಟು ಮಲಗಿದರೆ ಇಳಿಯುತ್ತದೆ, ಅದಕ್ಕೆ ಹೆದರಬೇಡಿ. ಬೆಳಿಗ್ಗೆ ಎದ್ದಾಗ ಮುಖ ಊದಿದ್ದರೆ, ಉಂಗುರ ಬೆರಳಿಂದ ಬರದಿದ್ದರೆ ಅವತ್ತೇ ಬಿಪಿ ನೋಡಿಸಿ. ನಾಳೆ ಅಲ್ಲ, ಅವತ್ತೇ.

ಅದನ್ನೂ ಬಿಟ್ಟರೆ ಫಿಟ್ಸ್ ಬರುತ್ತದೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ದಿನಗಳಲ್ಲಿ ಎಂಟು ತಿಂಗಳ ಬಸುರಿಯೊಬ್ಬಳನ್ನು ಟ್ರ್ಯಾಕ್ಸ್ ಗಾಡಿಯಲ್ಲಿ ಕರೆತಂದಿದ್ದರು. ಎರಡು ದಿನದಿಂದ ತಲೆನೋವು ಅಂದಿದ್ದಾಳೆ, ತಲೆಗೆ ಪಟ್ಟು ಹಾಕಿದ್ದಾರೆ. ಫಿಟ್ಸ್ ಬಂದಾಗ ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸಿಕೊಂಡು ಬಂದಿದ್ದಾರೆ, ಅದಕ್ಕೇ ಅರ್ಧ ದಿನ ಹೋಗಿದೆ. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಬೇಕಿದ್ದ ಇಂಜೆಕ್ಷನ್ ಮೆಗ್ನೀಷಿಯಂ ಸಲ್ಫೇಟ್, ತುಂಬಾ ದುಬಾರಿಯದೇನಲ್ಲ. ಆ ಮನೆಯವರು ಕೆಟ್ಟವರಲ್ಲ. ಅವಳಿಗೆ ಏಳು ತಿಂಗಳು ಪರಂಗಿ ತೋರಿಸದೆ ಕಾಪಾಡಿದ್ದರು. ತಲೆನೋವಿಗೆ ಹೆದರಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಕ್ಯಾಲ್ಸಿಯಂ ಮಾತ್ರೆ ಮೂಳೆಗೆ ಮಾತ್ರ ಅಂತ ಅಂದುಕೊಂಡಿದ್ದೀರಿ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವವರಲ್ಲಿ ಅದು ಈ ಬಿಪಿ ಬರುವುದನ್ನೂ ಕಡಿಮೆ ಮಾಡುತ್ತದೆ. ರಾಗಿ ತಿನ್ನುವ ಸೀಮೆಯವರು ನೀವು ಪುಣ್ಯವಂತರು, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ಮುದ್ದೆ ಬಿಟ್ಟು ಮೂರು ಹೊತ್ತು ಅನ್ನ ಶುರುವಾಗಿದೆ ಅಲ್ವಾ?

ಸಕ್ಕರೆ ಕಾಯಿಲೆ ಬೇಗ ಮುಗಿಸುತ್ತೇನೆ. "ನಮ್ಮ ವಂಶದಲ್ಲೇ ಇಲ್ಲ, ಆ ಗ್ಲೂಕೋಸ್ ನೀರು ಯಾಕೆ ಕುಡಿಸ್ತಾರೆ" ಅಂತ ಚೀಟಿ. ಬಸುರಿನಲ್ಲಿ ಮಾತ್ರ ಬರುವ ಸಕ್ಕರೆ ಇದೆ, ಅದಕ್ಕೆ ವಂಶ ಬೇಕಿಲ್ಲ. 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕಲಸಿ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡುತ್ತೇವೆ, ಖಾಲಿ ಹೊಟ್ಟೆಯಲ್ಲಿ ಬರಬೇಕು ಅಂತಲೂ ಇಲ್ಲ. 140 ಮುಟ್ಟಿದರೆ ಸಕ್ಕರೆ ಇದೆ ಅಂತ. ಮೊದಲ ಸಲ ಬಂದಾಗ ಒಂದು ಸಲ, ಆರನೇ ತಿಂಗಳಿನಲ್ಲಿ ಇನ್ನೊಂದು ಸಲ. ಮೊದಲನೆಯದು ಸರಿ ಇತ್ತು ಅಂತ ಎರಡನೆಯದು ಬಿಡಬೇಡಿ, ಅದು ಕಾಣಿಸಿಕೊಳ್ಳುವುದೇ ಆಗ. ಬಹಳ ಜನರಿಗೆ ಊಟ ಸರಿಮಾಡಿ, ಊಟದ ನಂತರ ಸ್ವಲ್ಪ ನಡೆದರೆ ಸಾಕಾಗುತ್ತದೆ. ಹಾಂ, ಮುದ್ದೆ ಎಷ್ಟು ಬೇಕಾದರೂ ನುಂಗಬಹುದು ಅನ್ನುವುದು ಸುಳ್ಳು. ಮುದ್ದೆಯೂ ಹಿಟ್ಟೇ. ಗಾತ್ರ ಇಳಿಸಿ, ಸಾರು ಗಟ್ಟಿ ಮಾಡಿ.

"ಇಬ್ಬರ ಊಟ ಮಾಡಬೇಕಾ?" ಬೇಡ. ಈಗಿನದಕ್ಕಿಂತ ಒಂದು ಹೊತ್ತಿನ ತಿಂಡಿಯಷ್ಟು ಹೆಚ್ಚು ಸಾಕು. ಒಂಬತ್ತು ತಿಂಗಳಿಗೆ 10ರಿಂದ 12 ಕೆಜಿ ಏರಿದರೆ ಸರಿ, ಮೊದಲೇ ದಪ್ಪ ಇದ್ದವರು ಅಷ್ಟು ಏರಬೇಕಿಲ್ಲ. ಇಲ್ಲೇ ಅಂಗನವಾಡಿಯಲ್ಲಿ 2017ರಿಂದ ಮಾತೃಪೂರ್ಣ ಊಟ ಕೊಡುತ್ತಿದ್ದಾರೆ, ಅನ್ನ ಸಾಂಬಾರಿನ ಜೊತೆ ಮೊಟ್ಟೆ, ಹಾಲು, ಕಡಲೆಬೀಜದ ಚಿಕ್ಕಿ. ಮೊಟ್ಟೆ ಉಷ್ಣ ಅಂತ ಮನೆಗೆ ಒಯ್ದು ಗಂಡನಿಗೆ ಕೊಡುತ್ತೀರಂತೆ, ಟೀಚರ್ ಹೇಳಿದರು. ಬಸುರಿ ನೀವೋ ಅವರೋ?

ಮಗು ಅಲ್ಲಾಡುವುದು. ಮೊದಲ ಬಸುರಿನವರಿಗೆ ಐದನೇ ತಿಂಗಳಿನ ಹತ್ತಿರ ಗೊತ್ತಾಗುತ್ತದೆ, ಎರಡನೆಯವರಿಗೆ ಸ್ವಲ್ಪ ಮೊದಲೇ. ಏಳನೇ ತಿಂಗಳಾದ ಮೇಲೆ ನಿಮ್ಮ ಮಗುವಿನ ಅಭ್ಯಾಸ ನಿಮಗೇ ಗೊತ್ತಾಗಿರುತ್ತದೆ, ಯಾವಾಗ ಒದೆಯುತ್ತದೆ, ಯಾವಾಗ ಮಲಗುತ್ತದೆ ಅಂತ. ಆ ಅಭ್ಯಾಸ ತಪ್ಪಿದರೆ ಏನಾದರೂ ತಿಂದು, ಎಡಮಗ್ಗುಲಿಗೆ ಮಲಗಿ, ಮನಸ್ಸಿಟ್ಟು ಎಣಿಸಿ. ಎರಡು ಗಂಟೆಯಲ್ಲಿ ಹತ್ತು ಸಲ ಅಲ್ಲಾಡದಿದ್ದರೆ ಆಸ್ಪತ್ರೆಗೆ ಬನ್ನಿ, ರಾತ್ರಿ ಎರಡು ಗಂಟೆ ಆಗಿದ್ದರೂ ಸರಿ. "ಹೆರಿಗೆ ಹತ್ತಿರ ಬಂದಾಗ ಮಗು ಸುಮ್ನಾಗುತ್ತೆ" ಅನ್ನುವ ಮಾತು ಇದೆ. ಅದು ತಪ್ಪು. ಜಾಗ ಕಡಿಮೆಯಾಗಿ ಒದೆತದ ಬದಲು ಹೊರಳಾಟ ಆಗಬಹುದು, ಆದರೆ ಅಲ್ಲಾಟ ನಿಲ್ಲಬಾರದು. ಬಂದು ನೋಡಿದಾಗ ಏನೂ ಇಲ್ಲ ಅಂದರೆ ಯಾರೂ ಬಯ್ಯುವುದಿಲ್ಲ. ಬಯ್ದರೆ ನನಗೆ ಹೇಳಿ.

ಸ್ಕ್ಯಾನಿಂಗಿನಿಂದ ಮಗುವಿಗೆ ತೊಂದರೆಯಾ? ಇಲ್ಲ. ಅದು ಎಕ್ಸ್‌ರೇ ಅಲ್ಲ, ಶಬ್ದದ ಅಲೆ. ಐದನೇ ತಿಂಗಳಿನ ಸ್ಕ್ಯಾನ್ ತಪ್ಪಿಸಬೇಡಿ, ಮಗುವಿನ ಹೃದಯ, ಬೆನ್ನುಮೂಳೆ, ಕಿಡ್ನಿ ಎಲ್ಲ ಒಂದೊಂದಾಗಿ ನೋಡುವುದು ಅದರಲ್ಲಿ. ಇನ್ನೊಂದು ಚೀಟಿಯಲ್ಲಿ ಸುತ್ತಿ ಬಳಸಿ ಕೇಳಿದ್ದಾರೆ, "ಮನೆಯಲ್ಲಿ ಯಾವುದು ಅಂತ ತಿಳ್ಕೊಂಡು ಬಾ ಅಂತಾರೆ" ಅಂತ. ಹೇಳುವುದಿಲ್ಲ. 1994ರ ಕಾನೂನಿದೆ, ಹೇಳಿದವರಿಗೂ ಕೇಳಿದವರಿಗೂ ಜೈಲು. 2023ರಲ್ಲಿ ಮಂಡ್ಯದ ಕಡೆ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟು ಇದೇ ಕೆಲಸ ಮಾಡುತ್ತಿದ್ದವರು ಸಿಕ್ಕಿಬಿದ್ದದ್ದು ಪೇಪರಿನಲ್ಲಿ ಓದಿದ್ದೀರಿ. ಬೆಲ್ಲ ಕಾಯಿಸುವ ಜಾಗದಲ್ಲಿ! ಮನೆಯಲ್ಲಿ ಒತ್ತಾಯ ಮಾಡಿದರೆ "ಡಾಕ್ಟ್ರು ಹೇಳಲ್ಲ ಅಂದ್ರು" ಅನ್ನಿ, ಬಯ್ಗುಳ ನನಗೆ ಬರಲಿ.

ಒಂದು ಚೀಟಿ ಗಂಡಸರ ಕೈಬರಹ. ಪ್ರಶ್ನೆ ಏನು ಅಂತ ನಾನು ಓದುವುದಿಲ್ಲ, ಎಲ್ಲರಿಗೂ ಅರ್ಥವಾಗುತ್ತದೆ. ಉತ್ತರ, ಪರವಾಗಿಲ್ಲ, ಇರಬಹುದು. ಮಗುವಿಗೆ ತಾಗುವುದಿಲ್ಲ. ರಕ್ತ ಕಾಣಿಸಿದ್ದರೆ, ಕಸ, ಅಂದರೆ ಮಗುವಿನ ಮಾಸು, ಕೆಳಗಿದೆ ಅಂತ ಸ್ಕ್ಯಾನಿನಲ್ಲಿ ಬಂದಿದ್ದರೆ, ನೀರು ಹೋಗುತ್ತಿದ್ದರೆ ಬೇಡ. ಮತ್ತೆ ಅವಳಿಗೆ ಬೇಡ ಅನ್ನಿಸಿದರೆ ಬೇಡ. ಅದಕ್ಕೆ ಡಾಕ್ಟರ ಚೀಟಿ ಬೇಕಿಲ್ಲ.

ನೋವಿನ ಮಾತ್ರೆ. ಜ್ವರಕ್ಕೆ, ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಆಗುತ್ತದೆ, ಹೇಳಿದಷ್ಟು, ಬೇಕಾದಷ್ಟು ದಿನ ಮಾತ್ರ. ಮೆಡಿಕಲ್ ಶಾಪಿನಲ್ಲಿ "ಸೊಂಟ ನೋವು" ಅಂದ ತಕ್ಷಣ ಕೊಡುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಇರುವ ಮಾತ್ರೆ ಬೇಡ, ಐದು ತಿಂಗಳಾದ ಮೇಲಂತೂ ಬೇಡವೇ ಬೇಡ. ಮಗುವಿನ ಕಿಡ್ನಿಗೆ, ಹೃದಯಕ್ಕೆ ತೊಂದರೆ. ಅಂಗಡಿಯವನಿಗೆ ಮೊದಲು "ನಾನು ಬಸುರಿ" ಅನ್ನಿ, ಆಮೇಲೆ ನೋವು ಹೇಳಿ. ಆದರೆ ಫಿಟ್ಸ್, ಥೈರಾಯ್ಡ್, ಆಸ್ತಮಾ, ಬಿಪಿಗೆ ಮೊದಲಿಂದ ಮಾತ್ರೆ ತೆಗೆದುಕೊಳ್ಳುತ್ತಿರುವವರು ಬಸುರಿ ಅಂತ ನೀವಾಗಿಯೇ ನಿಲ್ಲಿಸಬೇಡಿ. ಬಂದು ಕೇಳಿ. ಕೆಲವನ್ನು ಬದಲಾಯಿಸುತ್ತೇವೆ, ಕೆಲವನ್ನು ಹಾಗೇ ಬಿಡುತ್ತೇವೆ.

ರಕ್ತದ ಗುಂಪು ನೆಗೆಟಿವ್ ಇರುವವರು ಯಾರಾದರೂ ಇದ್ದೀರಾ? ಕೈ ಎತ್ತಿ. ಒಬ್ಬರು. ನಿಮ್ಮ ಯಜಮಾನರದು ಪಾಸಿಟಿವ್ ಆಗಿದ್ದರೆ ಏಳನೇ ತಿಂಗಳಿನಲ್ಲಿ ಒಂದು ಇಂಜೆಕ್ಷನ್, ಹುಟ್ಟಿದ ಮಗು ಪಾಸಿಟಿವ್ ಅಂತಾದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಂದು. ಆಂಟಿ-ಡಿ ಅಂತ ಅದರ ಹೆಸರು. ಇದು ಈ ಮಗುವಿಗಿಂತ ಮುಂದಿನ ಮಗುವಿಗೆ ಬೇಕು. ಮರೆತರೆ ಆಮೇಲೆ ಸರಿಮಾಡಲು ಆಗುವುದಿಲ್ಲ. ನನ್ನ ಹತ್ತಿರ ಬಂದು ಹೋಗಿ.

ಮಲಗುವುದು ಮಗ್ಗುಲಿಗೆ, ಎಡಕ್ಕಾದರೆ ಒಳ್ಳೆಯದು. ನಿದ್ದೆಯಲ್ಲಿ ಅಂಗಾತ ತಿರುಗಿದ್ದರೆ ಗಾಬರಿ ಬೇಡ, ಮತ್ತೆ ಮಗ್ಗುಲಾಗಿ. ಸ್ಕೂಟರಿನಲ್ಲಿ ಹೋದರೆ ಗರ್ಭ ಹೋಗುವುದಿಲ್ಲ, ಆದರೆ ನಮ್ಮ ಹಂಪುಗಳಲ್ಲಿ ಒಂದೇ ಕಡೆಗೆ ಕಾಲು ಹಾಕಿ ಕೂತು ಬೀಳುವ ಅಪಾಯ ಇದೆ, ಏಳು ತಿಂಗಳಾದ ಮೇಲೆ ಬಸ್ಸೋ ಆಟೋನೋ ಹಿಡಿಯಿರಿ. ಕಾಫಿ ದಿನಕ್ಕೆ ಎರಡು ಲೋಟ ಸಾಕು. ತಲೆಗೆ ಸ್ನಾನ ಮಾಡಬಹುದು. ಮನೆ ಕೆಲಸ ಮಾಡಬಹುದು, ಆದರೆ "ಓಡಾಡಿದ್ರೆ ಹೆರಿಗೆ ಸಲೀಸು" ಅಂತ ಇಡೀ ಮನೆಯ ಕೆಲಸ ಅವಳ ಮೇಲೆ ಹಾಕುವುದಕ್ಕೆ ಇದು ಅನುಮತಿ ಅಲ್ಲ.

ಸೀಮಂತ ಆದ ಮೇಲೆ ತವರಿಗೆ ಹೋಗುತ್ತೀರಿ. ಸೀರೆ, ಬಳೆ, ಮಡಿಲು ತುಂಬಿದ ಅಕ್ಕಿ, ಕೊಬ್ಬರಿ ಎಲ್ಲ ಹೋಗುತ್ತದೆ. ತಾಯಿ ಕಾರ್ಡ್ ಅತ್ತೆ ಮನೆಯ ಬೀರುವಿನಲ್ಲೇ ಉಳಿಯುತ್ತದೆ. ಆರು ತಿಂಗಳು ನಾವು ಬರೆದ ಬಿಪಿ, ರಕ್ತ, ಸ್ಕ್ಯಾನ್ ಯಾವುದೂ ಅಲ್ಲಿನ ಡಾಕ್ಟರಿಗೆ ಗೊತ್ತಾಗುವುದಿಲ್ಲ, ನೋವು ಬಂದ ಹೊತ್ತಿನಲ್ಲಿ ಅವರು ಸೊನ್ನೆಯಿಂದ ಶುರು ಮಾಡಬೇಕು. ಎಲ್ಲ ರಿಪೋರ್ಟೂ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ, ಮೊದಲು ಅದನ್ನು ಬ್ಯಾಗಿಗೆ ಇಡಿ. ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ತವರಿನ ಆಶಾ ಯಾರು ಅಂತ ಕೇಳಿಕೊಂಡು, ಹೋದ ವಾರದಲ್ಲೇ ಅಲ್ಲಿ ತೋರಿಸಿಕೊಳ್ಳಿ. ನೋವು ಬಂದಾಗ ಯಾವ ಆಸ್ಪತ್ರೆ, ಯಾವ ಗಾಡಿ, ಜೊತೆಗೆ ಯಾರು, ಈ ಮೂರು ಮೊದಲೇ ಮಾತಾಡಿಡಿ. 108 ಇದ್ದೇ ಇದೆ, ದುಡ್ಡು ಕೊಡಬೇಕಿಲ್ಲ.

ನೀರು ಒಡೆದರೆ ನೋವಿಲ್ಲದಿದ್ದರೂ ಹೊರಡಿ. ಆ ನೀರು ಹಸಿರಾಗಿದ್ದರೆ ಇನ್ನೂ ಬೇಗ. ರಕ್ತ ಹೋದರೆ, ಎಷ್ಟೇ ಇರಲಿ, ಹೊರಡಿ. ಡೇಟ್ ಕೊಟ್ಟ ದಿನವೇ ಹೆರಿಗೆ ಆಗುವುದು ನೂರಕ್ಕೆ ನಾಲ್ಕೈದು ಜನರಿಗೆ ಮಾತ್ರ, ಒಂದೆರಡು ವಾರ ಆಚೀಚೆ ಆಗುವುದೇ ಹೆಚ್ಚು. ಹಾಗಂತ ಡೇಟ್ ದಾಟಿದ ಮೇಲೆ ಮನೆಯಲ್ಲಿ ಸುಮ್ನೆ ಕೂರಬೇಡಿ, ಬಂದು ತೋರಿಸಿ.

ಕೊನೆಯ ಚೀಟಿ ಒಬ್ಬ ಅಜ್ಜಿಯದು, ಮೊಮ್ಮಗಳ ಕೈಲಿ ಬರೆಸಿದ್ದಾರೆ. "ಮೊದಲ ಹಾಲು ಹಿಂಡಿ ಚೆಲ್ಲಬೇಕಾ?" ಅಜ್ಜಿ, ನಿಮ್ಮ ಮನೆಯಲ್ಲಿ ಹಸು ಇದೆಯಾ? ಕರು ಹಾಕಿದಾಗ ಗಿಣ್ಣು ಮಾಡಿ ಬೀದಿಗೆಲ್ಲ ಹಂಚುತ್ತೀರಾ ಇಲ್ಲವಾ? ಅದು ಆ ಕರುವಿನ ಗಿಣ್ಣು. ಇದು ನಿಮ್ಮ ಮರಿಮೊಮ್ಮಗುವಿನ ಗಿಣ್ಣು. ಹಳದಿಯಾಗಿ, ಅಂಟಂಟಾಗಿ, ಸ್ವಲ್ಪವೇ ಬರುತ್ತದೆ, ಹುಟ್ಟಿದ ಮಗುವಿನ ಹೊಟ್ಟೆಯೂ ಅಷ್ಟೇ ಇರುತ್ತದೆ. ಹುಟ್ಟಿದ ಒಂದು ಗಂಟೆಯೊಳಗೆ ಕುಡಿಸಿ. ಜೇನುತುಪ್ಪ ಬೇಡ, ಸಕ್ಕರೆ ನೀರು ಬೇಡ. ಮತ್ತೆ ಬಾಣಂತಿಗೆ ನೀರು ಕೊಡದೆ ಒಣಗಿಸಬೇಡಿ, ಹಾಲು ಬರುವುದು ಎಲ್ಲಿಂದ?

ಇಷ್ಟು ಸಾಕು, ನನಗೂ ಗಂಟಲು ಒಣಗಿತು. ಎಂಟು, ಒಂಬತ್ತನೇ ತಿಂಗಳಿನವರು ಮೊದಲು ಬನ್ನಿ, ಈ ಬೆಂಚಿನಲ್ಲಿ ಐದು ನಿಮಿಷ ಮಾತಾಡದೆ ಕೂತ್ಕೊಳ್ಳಿ, ಆಮೇಲೆ ಬಿಪಿ ನೋಡುತ್ತೇನೆ. ತೋಳು ಬಿಗಿಯಾದ ರವಿಕೆಯವರು ಸ್ವಲ್ಪ ಸಡಿಲ ಮಾಡಿಕೊಳ್ಳಿ. ಹಿಂದೆ ನಿಂತಿರುವ ಗಂಡಸರು ಹೋಗಬೇಡಿ, ನಿಮ್ಮದೂ ನೋಡುತ್ತೇನೆ. ತಾಯಿ ಕಾರ್ಡ್ ತರದೇ ಇರುವವರು ಮನೆಗೆ ಫೋನ್ ಮಾಡಿ ತರಿಸಿ, ನಾನು ಕಾಯುತ್ತೇನೆ.